ಒಡೆಯನ ಪರವಾಗಿ ಮಾತಾಡುವವರು

ನೆಲ, ನದಿ, ಕಡಲು ಮನುಷ್ಯನ ಸ್ವತ್ತೇ, ಇಲ್ಲ ಮನುಷ್ಯ ಅವುಗಳ ಒಕ್ಕಲು ಮಾತ್ರವೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆ. ಕರ್ನಾಟಕದ ಕರಾವಳಿಯಲ್ಲಿ ಅದು ಗ್ರಂಥದಲ್ಲಷ್ಟೇ ಉಳಿದಿಲ್ಲ; ಗ್ರಾಮಸಭೆಗೆ, ನ್ಯಾಯಾಲಯಕ್ಕೆ, ಜಾತ್ರೆಯ ಅಂಗಡಿಸಾಲಿಗೆ ಬಂದು ನಿಂತಿದೆ. ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಿನ, ಸುಮಾರು 320 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿಯಿದು. ಪಣಂಬೂರಿನ ಬಂದರು, ಮಂಗಳೂರಿನ ತೈಲಾಗಾರ ಮತ್ತು ವಿಶೇಷ ಆರ್ಥಿಕ ವಲಯ, ಪಡುಬಿದ್ರಿ ಬಳಿಯ ಉಷ್ಣವಿದ್ಯುತ್ ಸ್ಥಾವರ, ಕಾರವಾರದ ಸೀಬರ್ಡ್ ನೌಕಾನೆಲೆ, ಕೈಗಾದ ಅಣುಸ್ಥಾವರ ಇವೆಲ್ಲಕ್ಕೂ ಜಾಗ ಸಿಕ್ಕಿದ್ದು ಈ ಪಟ್ಟಿ ಮತ್ತು ಅದರ ಬೆನ್ನಿಗಿರುವ ಕಾಡಿನಲ್ಲೇ. ಪ್ರತಿ ಯೋಜನೆಯ ಹಿಂದೆಯೂ ಒಂದು ತೀರ್ಮಾನ ಅಡಗಿರುತ್ತದೆ: ಈ ಜಾಗದ ಒಡೆಯ ಯಾರು, ಅದನ್ನು ಕೊಡುವ ಅಧಿಕಾರ ಯಾರಿಗಿದೆ.

ಇಲ್ಲಿ ನೆಲೆಯೂರಿದ ಧರ್ಮಗಳು ತಮ್ಮತಮ್ಮಲ್ಲಿ ಎಷ್ಟೇ ಭಿನ್ನವಾಗಿದ್ದರೂ ಒಂದು ಮಾತಿನಲ್ಲಿ ಹತ್ತಿರ ಬರುತ್ತವೆ: ಕೊನೆಯ ಒಡೆತನ ಮನುಷ್ಯನದಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಪರತಂತ್ರ ಎಂದು ಎರಡಾಗಿ ವಿಂಗಡಿಸಿದರು. ಸ್ವತಂತ್ರನು ವಿಷ್ಣು ಒಬ್ಬನೇ. ಜೀವವೂ ಜಡವೂ ಅವನ ಅಧೀನ. ಜಗತ್ತು ಸತ್ಯ ಎಂಬುದು ಅವರ ಸಿದ್ಧಾಂತದ ಇನ್ನೊಂದು ಆಧಾರ. ಹೊಳೆಯೂ ಮರವೂ ತೋರಿಕೆಯಲ್ಲ, ನಿಜವಾದುವು, ಮತ್ತು ಅವು ಜೀವದ ಸ್ವತ್ತಲ್ಲ. ಇಸ್ಲಾಮಿನ ವಕ್ಫ್ ಕಲ್ಪನೆಯಲ್ಲಿ ಸಮರ್ಪಿತವಾದ ಆಸ್ತಿ ಅಲ್ಲಾಹನದು. ಮುತವಲ್ಲಿ ನೋಡಿಕೊಳ್ಳುವವನು ಮಾತ್ರ. ಕೆಥೊಲಿಕ್ ಚಿಂತನೆ ಮನುಷ್ಯನನ್ನು ಸೃಷ್ಟಿಯ ಪಾಲಕನೆಂದು ಕರೆಯುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ವಿಶ್ವಪತ್ರ ಭೂಮಿಯನ್ನು ಎಲ್ಲರ ಮನೆಯೆಂದೇ ಕಂಡಿತು. ಆದರೆ ಈ ಎಲ್ಲಕ್ಕಿಂತ ನೇರವಾಗಿ, ಸರ್ವೆ ನಂಬರಿನವರೆಗೂ ಇಳಿದು ಈ ಮಾತನ್ನು ಹೇಳಿದ್ದು ತುಳುನಾಡಿನ ದೈವಾರಾಧನೆ. ಅಲ್ಲಿ ದೈವಕ್ಕೂ ಜಾಗಕ್ಕೂ ಬಿಡಿಸಲಾಗದ ನಂಟು. ಮನೆ, ಗದ್ದೆ ಮಾರಾಟವಾಗಿ ಕೈ ಬದಲಾದರೂ ಜಾಗದ ದೈವ ಅಲ್ಲಿಯೇ ಇರುತ್ತದೆ. ಹೊಸದಾಗಿ ಬಂದವನು, ಅವನು ಯಾವ ಜಾತಿಯವನಾಗಿರಲಿ, ಅದಕ್ಕೆ ನಡೆದುಕೊಳ್ಳಬೇಕು.

ನಾಗಬನ ಈ ನಂಬಿಕೆಯ ಕಣ್ಣಿಗೆ ಕಾಣುವ ರೂಪ. ಕುಟುಂಬದ ಅಥವಾ ಊರಿನ ನಾಗನಿಗೆ ಬಿಟ್ಟ ಮರಗಿಡಗಳ ತುಂಡು ಜಾಗದಲ್ಲಿ ಕೊಡಲಿ ಹಾಕುವಂತಿರಲಿಲ್ಲ, ತರಗೆಲೆ ಗುಡಿಸುವಂತಿರಲಿಲ್ಲ. ಸುತ್ತಲಿನ ಗುಡ್ಡಗಳೆಲ್ಲ ಸೊಪ್ಪು, ಸೌದೆಗೆ ಬೋಳಾದಾಗಲೂ ಬನದೊಳಗೆ ರೆಂಜೆ, ಹಾಲೆ, ಸುರಹೊನ್ನೆಗಳು ಬಳ್ಳಿಗಳನ್ನು ಹೊತ್ತುಕೊಂಡು ನಿಂತಿದ್ದವು; ಅಡಿಯಲ್ಲಿ ನೀರು ಇಂಗುತ್ತಿತ್ತು. ಉತ್ತರ ಕನ್ನಡದ ಕಾನುಗಳೂ ದೇವರಕಾಡುಗಳೂ ಇದೇ ಬಗೆಯವು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ, ಬೇರೆಡೆ ಬಹುತೇಕ ಅಳಿದುಹೋದ ರಾಮಪತ್ರೆಯ ಜೌಗುಕಾಡು ಈಗಲೂ ಇದೆ. ಇವನ್ನೆಲ್ಲ ಹಿಂದಿನವರ ಪರಿಸರ ವಿಜ್ಞಾನವೆಂದು ಬಣ್ಣಿಸುವುದು ಸರಿಯಲ್ಲ. ಬನವನ್ನು ಉಳಿಸಿದ್ದು ಜೀವವೈವಿಧ್ಯದ ಲೆಕ್ಕಾಚಾರವಲ್ಲ; ಇದು ನನ್ನದಲ್ಲ ಎಂಬ ಭಯ ಮತ್ತು ಗೌರವ.

ಆ ಭಾವ ಇಂದು ಒಳಗಿನಿಂದಲೇ ಬದಲಾಗುತ್ತಿದೆ. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ದುಡಿಯುವ ತುಳುವರು ತಮ್ಮ ಮೂಲನಾಗನನ್ನು ಹುಡುಕಿಕೊಂಡು ಊರಿಗೆ ಬರುತ್ತಾರೆ, ನಾಗರಪಂಚಮಿಗೆ ತನು ಎರೆಯುತ್ತಾರೆ, ಆಶ್ಲೇಷಾ ಬಲಿ ಕೊಡಿಸುತ್ತಾರೆ, ಲಕ್ಷಗಟ್ಟಲೆ ಖರ್ಚಿನ ನಾಗಮಂಡಲ ನಡೆಸುತ್ತಾರೆ. ಭಕ್ತಿಗೆ ಕೊರತೆಯಿಲ್ಲ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಬನಗಳ ಮರ ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ, ಗ್ರಾನೈಟು ಹಾಸಿ ನಾಗನ ಕಲ್ಲುಗಳನ್ನು ಸಾಲಾಗಿ ಕೂರಿಸಲಾಗಿದೆ. ನಾಗನಿಗೆ ಬೇಕಾದುದು ಕಾಡು, ಕಟ್ಟೆಯಲ್ಲ ಎಂದು ಊರಿನ ಹಿರಿಯರು, ವಿದ್ವಾಂಸರು ಹೇಳುತ್ತ ಬಂದರೂ ಈ ಕೆಲಸ ನಿಂತಿಲ್ಲ. ಯೋಜನೆಗಾಗಿ ನೆಲ ವಶವಾದಲ್ಲಿ ಶಾಸ್ತ್ರೋಕ್ತವಾಗಿ ನಾಗನನ್ನೂ ದೈವವನ್ನೂ ಬೇರೆಡೆಗೆ ಸಾಗಿಸುವ ವಿಧಿಯೂ ಬಳಕೆಗೆ ಬಂದಿದೆ. ತತ್ತ್ವದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಜಾಗದ ಒಡೆಯನಾಗಿದ್ದವನು ಪರಿಹಾರ ಪಡೆದು ಎದ್ದುಹೋಗುವ ನಿರಾಶ್ರಿತನಾದರೆ, ಅವನ ಒಡೆತನದ ಅರ್ಥವೇ ಕುಸಿಯುತ್ತದೆ. ವಿಧಿಯಲ್ಲಿ ತಪ್ಪಿಲ್ಲದಿರಬಹುದು, ಆದರೆ ಒಡೆಯನನ್ನು ಕೇಳಿದ್ದು ಯಾರು, ಉತ್ತರ ಹೇಳಿದ್ದು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ದೈವದ ನುಡಿ ಹೊರಡುವುದು ಮನುಷ್ಯನ ಬಾಯಿಂದ. ದೈವದ ಉತ್ಸವವಾದ ನೇಮದಲ್ಲಿ ಮುಖಕ್ಕೆ ಅರದಲ ಹಚ್ಚಿ, ಬೆನ್ನಿಗೆ ಅಣಿ ಕಟ್ಟಿ ನಿಲ್ಲುವವರು ಪಂಬದ, ಪರವ, ನಲಿಕೆ ಸಮುದಾಯದವರು, ಪರಿಶಿಷ್ಟ ಜಾತಿಗಳವರು. ಆ ಹೊತ್ತಿನಲ್ಲಿ ಗುತ್ತಿನ, ಅಂದರೆ ಊರಿನ ಭೂಮಾಲೀಕ ಮನೆತನದ, ಯಜಮಾನನೂ ಕೈಮುಗಿದು ನಿಂತು ನುಡಿ ಕೇಳಬೇಕು. ಅನೇಕ ದೈವಗಳ ಕಥೆಯೇ ಅಧಿಕಾರಸ್ಥರಿಂದ ಆದ ಅನ್ಯಾಯದ ಕಥೆ: ಕಾರ್ಕಳದ ಬಾಹುಬಲಿಯನ್ನು ಕಡೆದ ಶಿಲ್ಪಿ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದನೆಂದೂ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಸೇಡು ತೀರಿಸಿದರೆಂದೂ ಪಾಡ್ದನ ಎಂಬ ತುಳು ಹಾಡುಗಬ್ಬ ಹೇಳುತ್ತದೆ. ನೊಂದವನ ದನಿಗೆ ದೇವತ್ವ ಕೊಟ್ಟ ಪರಂಪರೆಯಿದು, ಅದರ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಣಿ ಬಿಚ್ಚಿದ ಮೇಲೆ ಅದೇ ಮನುಷ್ಯ ಅಂಗಳದ ಹೊರಗಿನವನಾಗುತ್ತಿದ್ದ. ಇದಕ್ಕಿಂತ ಕ್ರೂರವಾದುದು ಅಜಲು ಪದ್ಧತಿ. ಕೊರಗರನ್ನು ಅಮಂಗಲದ ಹೊರೆ ಹೊರುವವರೆಂದು ಬಗೆದು ಅವಮಾನಕರ ಕೆಲಸಗಳಿಗೆ ಕಟ್ಟಿಹಾಕಿದ ಈ ರೂಢಿಯನ್ನು ನಿಲ್ಲಿಸಲು 2000ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ನೆಲ ದೈವದ್ದು ಎಂಬ ಮಾತು ಬನವನ್ನು ಕಾಯ್ದಿತು. ಅದೇ ಮಾತಿನ ನೆರಳಿನಲ್ಲಿ ಚಾಲಗೇಣಿಯ ಒಕ್ಕಲು ಯಾವ ಗಳಿಗೆಯಲ್ಲೂ ಎತ್ತಂಗಡಿಯಾಗುವ ಸ್ಥಿತಿಯಲ್ಲಿ ಬದುಕಿದ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿಸಿತು, ಮತ್ತು ಅದು ರಾಜ್ಯದಲ್ಲಿ ಚೆನ್ನಾಗಿ ಜಾರಿಯಾದ ಕಡೆಗಳಲ್ಲಿ ಕರಾವಳಿ ಮುಖ್ಯವಾದುದು. ಗುತ್ತುಮನೆಗಳ ಹಿಡಿತ ಸಡಿಲಿತು. ದೈವಾರಾಧನೆ ಅದರಿಂದ ಅಳಿಯಲಿಲ್ಲ. ಹಿಂದಿನ ಒಕ್ಕಲುಗಳೇ ಅದನ್ನು ಮುಂದುವರಿಸಿದರು. ದೈವದ ಒಡೆತನಕ್ಕೂ ಧಣಿಯ ಒಡೆತನಕ್ಕೂ ಅನಿವಾರ್ಯ ನಂಟಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಕಡಲಿನ ಕಥೆ ಬೇರೆ. ಅದಕ್ಕೆ ಪಟ್ಟೆಯಿಲ್ಲ, ಗಡಿಕಲ್ಲಿಲ್ಲ. ಮೀನುಗಾರರಾದ ಮೊಗವೀರರು ನೂಲಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಮಳೆಗಾಲದ ಕಡಲಿಗೆ ಇಳಿಯದಿರುವುದು ಒಂದು ಕಾಲದಲ್ಲಿ ಅನಿವಾರ್ಯವೂ ಆಗಿತ್ತು, ಮರ್ಯಾದೆಯೂ ಆಗಿತ್ತು. ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಗೆ ದಡದತ್ತ ಬಂದ ಬಂಗುಡೆ, ಬೂತಾಯಿಯಷ್ಟೇ ಸಿಗುತ್ತಿದ್ದವು, ಸಿಕ್ಕಿದ್ದು ಪಾಲಾಗುತ್ತಿತ್ತು. ಟ್ರಾಲ್ ದೋಣಿಗಳು ಬಂದವು, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಗಳು ಬಂದವು, ರಂಪಣಿಯವರ ಪ್ರತಿಭಟನೆಯ ನಡುವೆಯೇ ರಂಪಣಿ ಮುಗಿಯಿತು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ಸರ್ಕಾರಿ ನಿಷೇಧವಿದೆ. ಹಿಂದೆ ಕಡಲೇ ಹಾಕುತ್ತಿದ್ದ ತಡೆಯನ್ನು ಇಂದು ಆದೇಶ ಹಾಕಬೇಕಾಗಿದೆ. ರಾತ್ರಿ ಪ್ರಖರ ದೀಪ ಹಾಯಿಸಿ ಮೀನು ಬಾಚುವುದನ್ನು ಕೇಂದ್ರ 2017ರಲ್ಲಿ ನಿಷೇಧಿಸಿದರೂ ಆ ಜಗಳ ಬಂದರುಗಳಲ್ಲಿ ಆರಿಲ್ಲ. ಮರಿಮೀನುಗಳು ಮೀನುಹುಡಿ, ಮೀನೆಣ್ಣೆ ಕಾರ್ಖಾನೆಗಳ ಪಾಲಾಗುತ್ತಿವೆ. ನಾಡದೋಣಿಯವನೂ ಟ್ರಾಲರಿನವನೂ ಒಂದೇ ಸಮುದ್ರರಾಜನಿಗೆ ಕೈಮುಗಿಯುತ್ತಾರೆ; ಪೂಜೆ ಒಂದಾದುದರಿಂದ ಹಕ್ಕಿನ ಪ್ರಶ್ನೆ ಬಗೆಹರಿದಿಲ್ಲ.

ಒಡೆಯನ ಪರವಾಗಿ ಮಾತಾಡುವವರು ಯಾರೆಂಬ ಪ್ರಶ್ನೆ ಸಾಮಾಜಿಕವಾಗಿ ಹೆಚ್ಚು ನೋವು ತಂದಿರುವುದು ಕೋಮುಗಳ ನಡುವೆ. ಮೊಗವೀರರು ನಂಬುವ ಬೊಬ್ಬರ್ಯನು ಮುಸ್ಲಿಂ ವರ್ತಕನ ಮಗನೆಂದು ಪಾಡ್ದನಗಳು ಹೇಳುತ್ತವೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಹುಟ್ಟಿನ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯಿದ್ದಾನೆ. ಅದೇ ಕರಾವಳಿಯಲ್ಲಿ 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ, ಬಪ್ಪನಾಡಿನ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕದಂತೆ ಫ್ಲೆಕ್ಸ್ ಕಟ್ಟಿ ತಡೆಯಲಾಯಿತು. ಧಾರ್ಮಿಕ ದತ್ತಿ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಮಾಡಿದ ನಿಯಮವೊಂದನ್ನು ಇದಕ್ಕೆ ಆಧಾರವಾಗಿ ತೋರಿಸಲಾಯಿತು. ದೇವಿಯ ಜಾಗದಲ್ಲಿ ಯಾರು ನಿಲ್ಲಬಹುದು ಎಂಬುದನ್ನು ದೇವಿಯ ಐತಿಹ್ಯವಲ್ಲ, ಫ್ಲೆಕ್ಸ್ ಕಟ್ಟಿದವರು ತೀರ್ಮಾನಿಸಿದರು. ಇದು ಪರಿಸರದ ಪ್ರಶ್ನೆಯಿಂದ ದೂರದ್ದೇನಲ್ಲ. ಕಡಲು ಕೊರೆದು ಮನೆ ಹೋಗುವ ಉಳ್ಳಾಲದ ದಡದಲ್ಲಿ ಮೊಗವೀರನೂ ಬ್ಯಾರಿಯೂ ಅಕ್ಕಪಕ್ಕದವರು. ಒಬ್ಬರಿಗೊಬ್ಬರು ಮುಖ ಕೊಡದ ಊರು ಯೋಜನೆಯ ಅಧಿಕಾರಿಯ ಎದುರು ಒಟ್ಟಾಗಿ ನಿಲ್ಲಲಾರದು.

ಘಟ್ಟದ ಹೊಳೆಗಳ ಬಗ್ಗೆ ನಡೆದಿರುವ ವಾದದಲ್ಲಿ ತತ್ತ್ವದ ಇನ್ನೊಂದು ಎಳೆಯಿದೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜ. ಫ್ಲೋರೈಡ್ ನೀರು ಕುಡಿದವರ ಸಂಕಟವನ್ನು ಕರಾವಳಿ ಕಡೆಗಣಿಸುವಂತಿಲ್ಲ. ಆದರೆ ಯೋಜನೆಯ ಸಮರ್ಥನೆಯಲ್ಲಿ ಮತ್ತೆ ಮತ್ತೆ ಬರುವ ಮಾತು, ಕಡಲು ಸೇರುವ ನೀರು ವ್ಯರ್ಥ ಎಂಬುದು. ವ್ಯರ್ಥವೆಂದರೆ ಯಾರಿಗೆ? ಉತ್ತರ ಕನ್ನಡದ ಅಘನಾಶಿನಿಯ ಅಳಿವೆ ಇದಕ್ಕೆ ಉತ್ತರ ಕೊಡುತ್ತದೆ. ದೊಡ್ಡ ಅಣೆಕಟ್ಟಿಲ್ಲದ ಆ ಹೊಳೆ ತಂದ ಸಿಹಿನೀರು, ಹೂಳು ಉಪ್ಪುನೀರಿನೊಡನೆ ಬೆರೆಯುವಲ್ಲಿ ಬಳಚು ಬೆಳೆಯುತ್ತದೆ, ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ನಿಲ್ಲುತ್ತದೆ, ಕಾಂಡ್ಲದ ಬೇರುಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. 2024ರ ಜನವರಿಯಲ್ಲಿ ಅದು ರಾಮ್ಸರ್ ತಾಣವೆಂದು ಘೋಷಿತವಾಯಿತು. ದಡಕ್ಕೆ ಮರಳು ತುಂಬುವುದೂ ಹೊಳೆಯೇ. ಮರಳು ಎತ್ತಿ, ಅಳಿವೆಬಾಯಿಗೆ ತಡೆಗೋಡೆ ಕಟ್ಟಿ, ಕೊರೆತ ಶುರುವಾದಾಗ ಕಲ್ಲು ಸುರಿಯುವ ಸರಣಿಯನ್ನು ಕರಾವಳಿ ದಶಕಗಳಿಂದ ನೋಡುತ್ತಿದೆ. ಮನುಷ್ಯ ಬಳಸದ ನೀರಿಗೆ ಉದ್ದೇಶವಿಲ್ಲ ಎಂಬ ನಿಲುವನ್ನು ಮೇಲೆ ಹೇಳಿದ ಯಾವ ಧರ್ಮವೂ ಒಪ್ಪುವುದಿಲ್ಲ. ಬೇಡ್ತಿ, ಅಘನಾಶಿನಿ ಕೊಳ್ಳಗಳ ಪರವಾಗಿ ಸೋಂದೆಯ ಸ್ವರ್ಣವಲ್ಲೀ ಮಠ ನಿಂತದ್ದು ಈ ಕಾರಣಕ್ಕೆ ಗಮನಾರ್ಹ. ಇಂಥ ದನಿ ಇನ್ನಷ್ಟು ಮಠ, ಮಸೀದಿ, ಇಗರ್ಜಿಗಳಿಂದ ಬರಬೇಕಿತ್ತು.

ಕಾನೂನು ಇದೇ ಪ್ರಶ್ನೆಗೆ ತನ್ನ ದಾರಿಯಲ್ಲಿ ಬಂದು ಮುಟ್ಟಿದೆ. ಭಾರತದ ನ್ಯಾಯಾಲಯಗಳು ದೇವರ ವಿಗ್ರಹವನ್ನು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದು ಬಹುಕಾಲದಿಂದ ಒಪ್ಪಿವೆ. ಮೊಕ್ತೇಸರ ಅದರ ಪರವಾಗಿ ವ್ಯವಹರಿಸುತ್ತಾನೆ. 2017ರಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನೆಯರಿಗೂ ವ್ಯಕ್ತಿತ್ವ ಕೊಟ್ಟಿತು, ಸುಪ್ರೀಂ ಕೋರ್ಟ್ ಅದೇ ವರ್ಷ ಅದಕ್ಕೆ ತಡೆ ನೀಡಿತು. ಕರಾವಳಿಗೆ ಹೆಚ್ಚು ಪ್ರಸ್ತುತವಾದುದು ಸಾರ್ವಜನಿಕ ನ್ಯಾಸದ ಸಿದ್ಧಾಂತ. ಗಾಳಿ, ಹರಿವ ನೀರು, ಕಡಲು, ಕಡಲದಡ ಎಲ್ಲರವು ಎಂಬ ರೋಮನ್ ಕಾನೂನಿನ ವಿಚಾರದಿಂದ ಹೊರಟ ಇದನ್ನು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ, ಹಿಮಾಚಲದ ಬಿಯಾಸ್ ನದಿಯ ಪಾತ್ರದಲ್ಲಿ ಹೋಟೆಲ್ ಕಂಪನಿಗೆ ನೆಲ ಗುತ್ತಿಗೆ ಕೊಟ್ಟ ಪ್ರಕರಣದಲ್ಲಿ, ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಸರ್ಕಾರ ಇವುಗಳ ಮಾಲೀಕನಲ್ಲ, ಧರ್ಮದರ್ಶಿ. ಆದರೆ 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮುಂದೆ ಪರಿಷ್ಕಾರಗೊಳ್ಳುತ್ತ ಬಂದು, 2019ರ ಜನವರಿಯಲ್ಲಿ ಪ್ರಕಟವಾದ ರೂಪದಲ್ಲಿ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ದಡಗಳ ನಿರ್ಮಾಣನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕಾಡಿನವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಸಾಮುದಾಯಿಕ ಹಕ್ಕನ್ನಾದರೂ ಕೊಟ್ಟಿತು. ದಡದ ಮೇಲೆ, ಕಡಲಿನ ಮೇಲೆ ಮೀನುಗಾರರಿಗೆ ಅಂಥ ಕಾಯ್ದೆಯಿಲ್ಲ.

ಹೊನ್ನಾವರ ತಾಲೂಕಿನ ಕಾಸರಕೋಡು ಟೊಂಕದಲ್ಲಿ ಈ ಕೊರತೆಯ ಫಲ ಕಾಣುತ್ತದೆ. ಶರಾವತಿ ಕಡಲು ಸೇರುವ ಆ ಮರಳುದಿಣ್ಣೆಯ ಮೇಲೆ ಮೀನುಗಾರ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ, ಹೆಂಗಸರು ಮೀನು ಒಣಗಿಸುತ್ತಾರೆ, ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಅಲ್ಲಿಗೆ ಖಾಸಗಿ ಬಂದರಿನ ಯೋಜನೆ ಬಂದಾಗ ದಾಖಲೆಯಲ್ಲಿ ಕಂಡದ್ದು ಬಂದರು ಇಲಾಖೆಯ ಜಾಗ. ಹಕ್ಕುಪತ್ರವಿಲ್ಲದ ಮನೆಗಳು ಒತ್ತುವರಿಯಾಗಿ ತೋರಿದವು. ಆಮೆಯ ಗೂಡಿಗೆ ಬೇಲಿ ಕಟ್ಟಿ ಕಾಯುವುದೂ ಸರ್ಕಾರ, ಗುತ್ತಿಗೆ ಬರೆದುಕೊಡುವುದೂ ಸರ್ಕಾರ. ನ್ಯಾಸದ ಸಿದ್ಧಾಂತದ ಪ್ರಕಾರ, ಧರ್ಮದರ್ಶಿ ತಾನು ಕಾಯಬೇಕಾದುದನ್ನು ಬಿಟ್ಟುಕೊಡುವ ಮೊದಲು ಯಾರಿಗಾಗಿ ಕಾಯುತ್ತಿದ್ದಾನೋ ಅವರ ಮುಂದೆ ಕಾರಣ ಹೇಳಬೇಕು. ಆ ಮರಳಿನ ಮೇಲೆ ಒಣಮೀನು ಹರವುವ ಹೆಂಗಸರು ವರ್ಷಗಳಿಂದ ಕೇಳುತ್ತಿರುವುದು ಆ ಕಾರಣವನ್ನೇ.