ಮನೆಯಲ್ಲಿದ್ದವರು ಯಾರು?

ಕೋವಿಡ್ ಲಾಕ್‌ಡೌನಿನ ನಡುವೆ, 2020ರ ಏಪ್ರಿಲ್ ಮೊದಲ ವಾರ ಗೂಗಲ್ ಜನರ ಓಡಾಟದ ವರದಿಗಳನ್ನು ಪ್ರಕಟಿಸತೊಡಗಿತು. ಆ ವರ್ಷದ ಜನವರಿ 3ರಿಂದ ಫೆಬ್ರವರಿ 6ರವರೆಗಿನ ಐದು ವಾರಗಳನ್ನು ಮಾಮೂಲಿ ದಿನಗಳೆಂದು ಹಿಡಿದು, ಅಂಗಡಿ, ಕಚೇರಿ, ನಿಲ್ದಾಣಗಳಿಗೆ ಹೋಗುವವರು ಎಷ್ಟು ಕಡಿಮೆಯಾದರು, ಮನೆಯಲ್ಲಿ ಕಳೆಯುವ ಹೊತ್ತು ಎಷ್ಟು ಹೆಚ್ಚಿತು ಎಂದು ಫೋನುಗಳ ಜಾಡು ಹಿಡಿದು ಗೆರೆ ಎಳೆದು ತೋರಿಸಿತು. ಓಡಾಟದ ಗೆರೆ ಇಳಿದರೆ ಜನ ‘ಮನೆಯಲ್ಲಿರಿ’ ಎಂಬ ಮಾತು ಕೇಳಿದರು, ಏರಿದರೆ ಕೇಳಲಿಲ್ಲ ಎಂದು ಓದಿಕೊಂಡೆವು. ಆ ಓದು ತಪ್ಪು, ಬಡವರ ಮಟ್ಟಿಗೆ ಅನ್ಯಾಯ ಕೂಡ. ಮನೆಯಲ್ಲಿ ಕೂರುವ ಅನುಕೂಲ ಎಷ್ಟು ಜನರಿಗಿತ್ತು ಎಂಬುದನ್ನಷ್ಟೇ ಆ ಗೆರೆ ಹೇಳಬಲ್ಲದು.

ಮುಂಬಯಿಯ ಭಾಂಡುಪ್ ಪಶ್ಚಿಮದ ಗುಡ್ಡದ ಬಸ್ತಿಗಳನ್ನೇ ನೋಡಿ. ಹತ್ತಡಿ ಕೋಣೆಯಲ್ಲಿ ಐದಾರು ಜನ. ಎದುರಿನಿಂದ ಒಬ್ಬರು ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು, ಓಣಿ ಅಷ್ಟು ಕಿರಿದು. ಬೆಳಿಗ್ಗೆ ಹೆಂಗಸೊಬ್ಬಳು ಬಕೆಟ್ ಹಿಡಿದು ಮೆಟ್ಟಿಲಿಳಿದು ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಲ್ಲುತ್ತಾಳೆ. ಫೋನು ಮನೆಯಲ್ಲಿ ಚಾರ್ಜಿಗಿದೆ, ಅದೂ ಗಂಡನದು. ಲೆಕ್ಕಕ್ಕೆ ಆಕೆ ಮನೆ ಬಿಟ್ಟು ಕದಲಿಲ್ಲ. ಸೋಂಕಿಗೆ ಮಾತ್ರ ಆ ಸಾಲಿನ ಮೊಳದಂತರವೇ ಸಾಕಿತ್ತು. 2020ರ ಜುಲೈನಲ್ಲಿ ಮಾಟುಂಗಾ, ಚೆಂಬೂರು, ದಹಿಸರ್ ಕಡೆಯ ಮೂರು ವಾರ್ಡುಗಳಲ್ಲಿ ನಡೆದ ರಕ್ತಪರೀಕ್ಷೆಯ ಸಮೀಕ್ಷೆ ಏನು ಹೇಳಿತು? ಕೊಳೆಗೇರಿಗಳಲ್ಲಿ ಸುಮಾರು ಶೇ. 57 ಮಂದಿಗೆ ಆಗಲೇ ಸೋಂಕು ತಗುಲಿತ್ತು, ಉಳಿದ ಕಡೆ ಶೇ. 16 ಮಂದಿಗೆ. ಭಾಂಡುಪ್ಪಿನ ಗುಡ್ಡವೂ ಸಿರಿವಂತರಿರುವ ಬಾಂದ್ರಾದ ಪಾಲಿ ಹಿಲ್ಲೂ ಇರುವುದು ಮುಂಬಯಿ ಉಪನಗರವೆಂಬ ಒಂದೇ ಜಿಲ್ಲೆಯಲ್ಲಿ. ಜಿಲ್ಲೆಯ ಸರಾಸರಿಯಲ್ಲಿ ಈ ಅಂತರ ಕರಗಿಹೋಗುತ್ತದೆ.

ಇನ್ನು ಹೊರಗೆ ಹೊರಟವರ ಮಾತು. ಮುಂಬಯಿಯ ಸೋಸಿದ ನೀರಿನ ಹೆಚ್ಚಿನ ಪಾಲು ಬರುವುದು ಭಾಂಡುಪ್ ಕಾಂಪ್ಲೆಕ್ಸ್ ಎಂಬ ನೀರು ಸೋಸುವ ಕೇಂದ್ರದಿಂದ. ಲೋಕಲ್ ರೈಲು ನಿಂತರೂ ಅಲ್ಲಿನ ಪಾಳಿ ನಿಲ್ಲುವಂತಿರಲಿಲ್ಲ. ಆ ನೌಕರರೂ ಮನೆ ಹಿಡಿದಿದ್ದರೆ ಪಾಲಿ ಹಿಲ್ಲಿನವರು ಕೈ ತೊಳೆಯುವುದು ಯಾವ ನೀರಿನಲ್ಲಿ?

ಮುಂಬಯಿಯ ನಮ್ಮ ಹೋಟೆಲ್ ಹುಡುಗರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ರಾತ್ರಿ ಮೇಜು ಜೋಡಿಸಿ ಮಲಗುತ್ತಿದ್ದವರಿಗೆ ಹೋಟೆಲಿಗೆ ಬೀಗ ಬಿದ್ದೊಡನೆ ಕೆಲಸದ ಜೊತೆ ಮಲಗುವ ಜಾಗವೂ ಹೋಯಿತು. ಮನೆಯಲ್ಲಿರಿ ಅಂದರೆ ಅವರ ಮನೆ ಇದ್ದದ್ದು ಘಟ್ಟದ ಕೆಳಗೆ, ಉಡುಪಿಯ ಹಳ್ಳಿಗಳಲ್ಲಿ. ಆ ಮೇ ತಿಂಗಳಲ್ಲಿ ಉಡುಪಿ, ಮಂಡ್ಯಗಳಲ್ಲಿ ಸೋಂಕಿನ ಲೆಕ್ಕ ಏರಿದಾಗ ‘ಮುಂಬಯಿಯಿಂದ ಬಂದವರು’ ಎಂಬುದೇ ಒಂದು ಅಪವಾದವಾಯಿತು. ಮಹಾರಾಷ್ಟ್ರದಿಂದ ಬರುವವರಿಗೆ ಮೇ 18ರಂದು ಕರ್ನಾಟಕ ಬಾಗಿಲು ಹಾಕಿತು. ನಕ್ಷೆಯಲ್ಲಿ ಮುಂಬಯಿಯಿಂದ ಊರಿಗೆ ಎಳೆದ ಬಾಣದ ಗುರುತಿನಲ್ಲಿ ಸೋಂಕು ಬಂದ ದಾರಿ ಕಾಣುತ್ತದೆ, ಹೊರಟ ಕಾರಣ ಕಾಣುವುದಿಲ್ಲ.

ಹಾಗಾದರೆ ನಕ್ಷೆಯೇ ಬೇಡವೇ? ಬೇಕು. ಬಸ್ಸು ಎಲ್ಲಿಗೆ ಬಿಡಬೇಕು, ಯಾವ ಜಿಲ್ಲೆ ಹಾಸಿಗೆ ಸಜ್ಜು ಮಾಡಿಕೊಳ್ಳಬೇಕು ಎಂದು ತಿಳಿಯಲು ಬೇಕೇ ಬೇಕು. ಇನ್ನೂ ಸೂಕ್ಷ್ಮವಾದ ನಕ್ಷೆ ಕೇಳುವವರ ಜೊತೆ ಮಾತ್ರ ನಾನಿಲ್ಲ. ಓಣಿ ಓಣಿಯ ಜಾಡು ಸಿಕ್ಕಿದರೆ ಲಾಠಿ ಮೊದಲು ಹೋಗುವುದು ಗುಡ್ಡಕ್ಕೇ. ಗೆರೆಯ ಪಕ್ಕದಲ್ಲಿ ಬೇರೊಂದು ಲೆಕ್ಕ ಇರಲಿ: ಒಂದು ಶೌಚಾಲಯಕ್ಕೆ ಎಷ್ಟು ಮನೆ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು, ಕೆಲಸ ನಿಂತರೆ ಮಲಗುವ ಜಾಗವೂ ಇಲ್ಲದವರು ಎಷ್ಟು ಮಂದಿ. ಇದಕ್ಕೆ ಯಾರ ಫೋನೂ ಬೇಕಿಲ್ಲ, ವಾರ್ಡ್ ಕಚೇರಿಯವರು ಗುಡ್ಡ ಹತ್ತಿ ಕೇಳಿ ಬರೆದುಕೊಳ್ಳಬೇಕು.