ತಪ್ಪಾಯ್ತು ಅಂದುಬಿಡಿ

"ನೂರು ರೂಪಾಯಿ ಬಿಸಾಕಿ ಬಾರೇ ಮಾರಾಯ್ತಿ, ಅದಕ್ಕೆ ಯಾಕೆ ಕೋರ್ಟು ಕಚೇರಿ?" ಎಂದರು ನಮ್ಮವರು. ಇದು 2013ರ ಮಾತು. ಸಂತೆ ಮುಗಿಸಿ ಬರುವಾಗ ನಮ್ಮ ಕಾರನ್ನು ನಿಲ್ಲಿಸಿ, ಕಿಟಕಿಯ ಗಾಜು ಕಪ್ಪಾಗಿದೆಯೆಂದು ಕೇಸು ಬರೆದಿದ್ದರು.

ಗಾಜಿನ ವಿಷಯದಲ್ಲಿ ನಾನೇನೂ ಪೂರ್ತಿ ಸಾಚಾ ಅಲ್ಲ. ಹಿಂದಿನ ವರ್ಷದವರೆಗೆ ಕಪ್ಪು ಫಿಲ್ಮ್ ಅಂಟಿಸಿಕೊಂಡೇ ಓಡಾಡಿದವಳು. ಬಿಸಿಲಿಗೆ ಬಲಗೈ ಸುಡುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾದ ಕಾರಣ ಬೇರೆ. ಹೆಂಗಸು ಒಬ್ಬಳೇ ಕಾರು ಓಡಿಸಿದರೆ ರೈಲ್ವೆ ಗೇಟಿನ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಾರಲ್ಲ, ಆ ಕಣ್ಣುಗಳಿಗೆ ಒಂದು ಮರೆ ಬೇಕಿತ್ತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಿಲ್ಮ್ ಕೂಡದೆಂದಿತು. ಕಪ್ಪು ಗಾಜಿನ ಹಿಂದೆ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತದೆ ಎನ್ನುವುದೂ ಅಲ್ಲಿ ಬಂದ ಒಂದು ವಾದ. ನನ್ನ ಮಾನ ಕಾಯುವ ಮರೆಯೇ ಇನ್ನೊಬ್ಬಳ ಕೂಗು ಹೊರಗೆ ಕಾಣದಂತೆ ಮಾಡೀತು ಎಂದು ನನಗೆ ಹೊಳೆದೇ ಇರಲಿಲ್ಲ. ಬ್ಲೇಡು, ಸೋಪಿನ ನೀರು ಹಿಡಿದು ಕೂತು ನಾನೇ ಕೆರೆದು ತೆಗೆದೆ.

ಉಳಿದದ್ದು ಕಂಪನಿಯಿಂದಲೇ ಬಂದ ತಿಳಿಹಸಿರು ಗಾಜು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದವುಗಳಲ್ಲಿ ಶೇಕಡಾ 50ರಷ್ಟು ಬೆಳಕು ಹಾಯಬೇಕೆಂದು 1989ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಷ್ಟು ಬೆಳಕು ಬಿಡುವ ಕಂಪನಿ ಗಾಜಿಗೆ ಆ ತೀರ್ಪಿನಲ್ಲೂ ಅಡ್ಡಿಯಿರಲಿಲ್ಲ. "ಫಿಲ್ಮ್ ಎಲ್ಲಿದೆ, ಉಗುರಿನಲ್ಲಿ ಕೆರೆದು ನೋಡಿ" ಎಂದರೆ ಆ ಪೊಲೀಸಿನವರು, "ಮೇಡಂ, ಬಣ್ಣ ಅಂದರೆ ಬಣ್ಣವೇ. ಕಟ್ಟಿ ಹೋಗಿ" ಎಂದರು. ಕಟ್ಟಿದರೆ ತಪ್ಪು ಮಾಡಿದ್ದೇನೆಂದು ರುಜು ಹಾಕಿದಂತೆ. ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೋರ್ಟಿನ ಜಗಲಿಯಲ್ಲಿ ನನ್ನ ಮುಂದೆ ನಿಂತಿದ್ದವನು ಒಬ್ಬ ಆಟೋದವನು. ಯೂನಿಫಾರ್ಮ್ ಹಾಕಿರಲಿಲ್ಲವೆಂದು ಅವನ ಮೇಲೆ ಕೇಸು.

"ಹಾಕಿದ್ದೆ ಮೇಡಂ. ಇದೇ ಖಾಕಿ ಅಂಗಿ."

"ಹಾಗಾದರೆ ಒಳಗೆ ಅದನ್ನೇ ಹೇಳಪ್ಪಾ."

"ಹೇಳಿದರೆ ಇನ್ನೊಂದು ದಿನ ಬಾ ಅಂತಾರೆ. ಆಮೇಲೆ ಮತ್ತೊಂದು ದಿನ. ತಪ್ಪಾಯ್ತು ಅಂದರೆ ಹನ್ನೆರಡು ಗಂಟೆಗೆ ಸ್ಟ್ಯಾಂಡಿನಲ್ಲಿರ್ತೀನಿ. ನೀವೂ ಹಾಗೇ ಅಂದುಬಿಡಿ."

ಒಳಗೆ ಹೋದ, "ತಪ್ಪಾಯ್ತು ಸ್ವಾಮಿ" ಎಂದ, ದುಡ್ಡು ಕಟ್ಟಿ ಹೊರಟೇಹೋದ. ಬೆಳಗ್ಗಿನಿಂದ ಅಲ್ಲಿ ಕೇಳುತ್ತಿದ್ದದ್ದೂ ಅದೊಂದೇ ಮಾತು. ಮಗ್ಗಿ ಒಪ್ಪಿಸುವ ಹಾಗೆ ಒಬ್ಬರಾದ ಮೇಲೆ ಒಬ್ಬರು. ನಾನು "ಒಪ್ಪುವುದಿಲ್ಲ" ಎಂದಾಗ ನ್ಯಾಯಾಧೀಶರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮುಂದಿನ ದಿನಾಂಕ ಕೊಟ್ಟರು.

ಮೂರು ಸಲ ಹೋದೆ, ಮೂರು ಸಾಂದರ್ಭಿಕ ರಜೆ. ಕೊನೆಯ ದಿನ ಆ ಪೊಲೀಸಿನವರನ್ನು ನಾನೇ ಕೇಳಿದೆ, ಬೆಳಕು ಅಳೆಯುವ ಮೀಟರು ಇತ್ತೇ ಎಂದು. "ಇರಲಿಲ್ಲ, ಕಣ್ಣಿಗೆ ಕಪ್ಪಗೆ ಕಂಡಿತು" ಎಂದರು. ಕೇಸು ಬಿದ್ದುಹೋಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿ ಬೀಗಿದ್ದೂ ಉಂಟು.

ಬೀಗು ಇಳಿದದ್ದು ನಿಧಾನವಾಗಿ. ಕೋರ್ಟಿನ ಪುಸ್ತಕದಲ್ಲಿ ಈಗ ನಾನು ನಿರಪರಾಧಿ, ಆಟೋದವನು ಅಪರಾಧಿ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಸತ್ಯದ್ದೋ, ಸಂಬಳ ಸಹಿತ ರಜೆಯದ್ದೋ? ನನ್ನದು ದೊಡ್ಡ ಸತ್ಯನಿಷ್ಠೆ ಎಂದುಕೊಂಡಿದ್ದೆ. ಅದರ ಖರ್ಚನ್ನು ಸರ್ಕಾರ ಕೊಟ್ಟಿತ್ತು.

ಇದನ್ನು ಯೋಚಿಸುತ್ತಿರುವಾಗಲೇ ಆ ಹುಡುಗಿ ನೆನಪಾದಳು. ಏಳನೇ ತರಗತಿ, ಹಳ್ಳಿಯಿಂದ ಬರುತ್ತಿದ್ದವಳು. ಯಾರದೋ ಜಾಮಿಟ್ರಿ ಬಾಕ್ಸು ಕಳೆದಿತ್ತು. ನಿಜ ಹೇಳುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ ಎಂದು ಸ್ಕೇಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದು, "ತಪ್ಪಾಯ್ತು ಮಿಸ್" ಎಂದಳು. ಒಪ್ಪಿಕೊಂಡಳಲ್ಲ, ಇನ್ನೇನು ಬೇಕು ಎಂದು ಅಂಗೈಗೆ ಎರಡು ಕೊಟ್ಟು ಎಲ್ಲರನ್ನೂ ಬಿಟ್ಟೆ. ಬಾಕ್ಸು ಎಲ್ಲಿ ಎಂದು ಕೇಳುವುದನ್ನೂ ಮರೆತೆ. ಅದು ಸಿಗಲೇ ಇಲ್ಲ.

ಅವಳು ತೆಗೆದಿದ್ದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವಳ ಊರಿಗೆ ಕಡೆಯ ಬಸ್ಸು ಐದು ಗಂಟೆಗೆ ಇತ್ತು ಎನ್ನುವುದು ಮಾತ್ರ ಗೊತ್ತು.