ಇಂದಿನ ಧಮ್ಮಚಿಂತನೆ: ಎಂಟನೇ ವಾರದ ನೋಟ್‌ಬುಕ್

 

ಗರ್ಭ ನಿಂತ ಮೊದಲ ವಾರಗಳಿಂದಲೇ ಅದರ ನೆನಪನ್ನು ಬರೆದಿಡುವುದು ಉಪಾದಾನವೇ? ನಮ್ಮ ಬಳಗದ ತಂಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವಳಿಗೀಗ ಎಂಟು ವಾರ. ದಿನಕ್ಕೆರಡು ಸಾಲು ಬರೆಯುತ್ತಾಳೆ. ಮೂರು ತಿಂಗಳು ತುಂಬುವ ಮುಂಚೆ ಬರೆದರೆ ದೃಷ್ಟಿಯಾಗುತ್ತದೆ ಎಂದ ಮನೆಯ ಹಿರಿಯರ ಮಾತಿಗೆ ಅವಳು ತಲೆಕೆಡಿಸಿಕೊಂಡಿಲ್ಲ. ಅವಳನ್ನು ಕಾಡುತ್ತಿರುವುದು ನಮ್ಮವರೇ ಒಬ್ಬರು ಆಡಿದ ಮಾತು: ಎಲ್ಲವೂ ಅನಿತ್ಯ ಎಂದು ಕಲಿತ ಮೇಲೆ ಇದನ್ನೆಲ್ಲ ಕೂಡಿಡುವುದು ಅಂಟಿಕೊಳ್ಳುವುದಲ್ಲವೇ?

ಅಲ್ಲ ಎಂದು ನಾನು ತಿಳಿದಿದ್ದೇನೆ.

ಸಂಯುತ್ತ ನಿಕಾಯದಲ್ಲಿ ಇಂದಕ ಸುತ್ತ ಎಂಬ ಪುಟ್ಟ ಸುತ್ತವಿದೆ. ರಾಜಗೃಹದ ಬಳಿ ಇಂದಕನೆಂಬ ಯಕ್ಖನು ಭಗವಾನರನ್ನು ಕೇಳುತ್ತಾನೆ: ರೂಪವೇ ಜೀವವಲ್ಲ ಎನ್ನುತ್ತೀರಿ, ಹಾಗಾದರೆ ಈ ಶರೀರ ಸಿಗುವುದು ಹೇಗೆ? ಭಗವಾನರು ಆತ್ಮದ ಮಾತೇ ಎತ್ತುವುದಿಲ್ಲ. ಮೊದಲು ಕಲಲ, ಆಮೇಲೆ ಅಬ್ಬುದ, ಪೇಸಿ, ಘನ, ನಂತರ ಕೊಂಬೆಗಳಂತೆ ಕೈಕಾಲು, ಕೂದಲು, ಉಗುರು; ತಾಯಿ ಉಂಡದ್ದರಿಂದಲೇ ಒಳಗಿನದು ಬದುಕುತ್ತದೆ ಎನ್ನುತ್ತಾರೆ. ಹನಿ, ನೊರೆ, ಮಾಂಸದ ಮುದ್ದೆ, ಗಟ್ಟಿ, ಕೊಂಬೆ. ಇದರಲ್ಲಿ ಇಂದಿನ ವಿಜ್ಞಾನವೆಲ್ಲ ಇದೆ ಎಂಬ ಬಡಾಯಿ ನಮಗೆ ಬೇಡ, ಅದು ಬೇರೆಯವರ ಚಾಳಿ. ನನಗೆ ಮುಖ್ಯವಾದದ್ದು, ‘ಯಾರು ಬಂದರು’ ಎಂಬ ಪ್ರಶ್ನೆಗೆ ಅವರು ‘ಏನು ಹೇಗೆ ಆಗುತ್ತದೆ’ ಎಂದು ಉತ್ತರಿಸಿದರು ಎನ್ನುವುದು.

ವೈದ್ಯರೂ ಹಾಗೆಯೇ ಹೇಳುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ. ಆರನೇ ವಾರದ ಹೊತ್ತಿಗೆ ಮಿದುಳು, ಬೆನ್ನುಹುರಿ ಆಗಬೇಕಾದ ನಾಳ ಮುಚ್ಚಿಕೊಳ್ಳುತ್ತದೆ (ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಿ ಎನ್ನುವುದು ಇದಕ್ಕೇ). ಅದೇ ಸುಮಾರಿಗೆ ಹೃದಯದ ಮಿಡಿತ ಸ್ಕ್ಯಾನಿನಲ್ಲಿ ಕಾಣತೊಡಗುತ್ತದೆ, ಕೈಕಾಲು ಮೊಗ್ಗೊಡೆಯುತ್ತವೆ. ಎಂಟನೇ ವಾರದಲ್ಲಿ ಅದರ ಉದ್ದ ಒಂದೂವರೆ ಸೆಂಟಿಮೀಟರ್ ಚಿಲ್ಲರೆ.

ಇದರ ಜೊತೆಗೇ ಇನ್ನೊಂದು ಸತ್ಯವಿದೆ. ತಿಳಿದುಬಂದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ನಿಲ್ಲುವುದಿಲ್ಲ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಜಾರುತ್ತವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ವ್ಯತ್ಯಾಸ. ಭಾರ ಎತ್ತಿದಳು, ಗ್ರಹಣದಲ್ಲಿ ಹೊರಗೆ ಬಂದಳು, ಹಿಂದಿನ ಜನ್ಮದ ಕರ್ಮ ಎಂದು ಹೆಣ್ಣಿನ ಮೇಲೆ ಹೇರುವುದು ನಮ್ಮ ಕೇರಿಗಳಲ್ಲಿ ಇನ್ನೂ ನಿಂತಿಲ್ಲ. ಮಗುವಿನ ದೇಹ ಬರುವುದು ತಂದೆತಾಯಿಯಿಂದ. ಹಾಗಿರುವಾಗ ಹಿಂದಿನ ಜನ್ಮದ ಕರ್ಮ ಒಳಗೆ ಹೊಕ್ಕಿದ್ದೆಲ್ಲಿಂದ ಎಂದು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಾಬಾಸಾಹೇಬರು ಮಾಡಿರುವ ವಾದವನ್ನು ಇಂಥ ಮನೆಗಳಲ್ಲಿ ಕೂತು ಓದಬೇಕು.

ಹಾಗಾದರೆ ಉಳಿಯುತ್ತದೋ ಇಲ್ಲವೋ ತಿಳಿಯದ್ದನ್ನು ಬರೆಯುವುದೇಕೆ? ನನ್ನಜ್ಜಿಗೆ ಉಳಿದ ಮಕ್ಕಳು ನಾಲ್ಕು. ಉಳಿಯದವು ಎಷ್ಟು ಎಂದು ಕೇಳಿದರೆ ಬೆರಳು ಮಡಚುತ್ತಾ ಹೋಗಿ, ನಡುವೆ ನಿಲ್ಲಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ನಮ್ಮಪ್ಪ ರಾಗಿ ಕೊಯ್ಲಿನಲ್ಲಿ ಹುಟ್ಟಿದವನು, ಶಾಲೆಯ ದಾಖಲೆಯಲ್ಲಿ ಜೂನ್ 1. ಅಕ್ಷರ ಸಿಗದವರ ದುಃಖಕ್ಕೆ ತಾರೀಖೂ ಇರುವುದಿಲ್ಲ. ಬಸಿರಿಯೂ ಬಾಣಂತಿಯೂ ದುಡಿಯುತ್ತಲೇ ಸವೆಯಬಾರದೆಂದು ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರ ನಿಂತರು. ಅಂದು ದುಡಿದ ಹೆಂಗಸರು ಆ ವಾರಗಳನ್ನು ಹೇಗೆ ಕಳೆದರೆಂದು ಅವರ ಕೈಬರಹದಲ್ಲಿ ನಮಗೆಷ್ಟು ಸಿಕ್ಕಿದೆ?

ಬಾಬಾಸಾಹೇಬರು, ರಮಾಯಿ ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟರು. ಅವು ಹುಟ್ಟಿ ಬದುಕಿದ್ದ ಮಕ್ಕಳು, ನಿಜ. ಆದರೂ ಗಂಗಾಧರ, ರಮೇಶ, ಇಂದು, ರಾಜರತ್ನ ಎಂದು ಇಂದಿಗೂ ನಾವು ಹೇಳುತ್ತೇವಲ್ಲ, ಅದನ್ನು ಯಾರಾದರೂ ಉಪಾದಾನ ಎಂದಾರೆಯೇ?

‘ಸ್ಮೃತಿ’ ಎಂದರೆ ನಮ್ಮವರಿಗೆ 1927ರ ಡಿಸೆಂಬರ್ 25, ಮಹಾಡ್, ಬೆಂಕಿ ನೆನಪಾಗುತ್ತದೆ, ಆಗಲೇಬೇಕು. ಆದರೆ ಪಾಲಿಯ ‘ಸತಿ’ಯೂ ಅದೇ ಧಾತುವಿನದು, ಅದರ ಮೂಲ ಅರ್ಥವೂ ನೆನಪೇ. ಇಂದು ವಾಂತಿ, ಇಂದು ಭಯ, ಇಂದು ಅತ್ತೆ ಮಾಡಿದ ಸಾರು ಮಾತ್ರ ಸೇರಿತು ಎಂದು ಬರೆಯುವುದು ಸತಿಗೆ ಹತ್ತಿರ. ಗಂಡೇ ಆಗಬೇಕು, ಕಲೆಕ್ಟರನೇ ಆಗಬೇಕು ಎಂದು ಬರೆದರೆ ಅದು ತಣ್ಹಾ. ಬರೆಯುವವಳಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಗರ್ಭ ನಿಲ್ಲದೆ ಹೋದರೆ ಆ ಪುಟಗಳು ನೋಯಿಸುತ್ತವೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಏನೂ ಆಗಿಯೇ ಇಲ್ಲ ಎಂಬಂತೆ ಮೂರನೇ ದಿನ ಕೂಲಿಗೆ ಹೋದ ನನ್ನಜ್ಜಿಗೆ ನೋವು ಕಡಿಮೆ ಇರಲಿಲ್ಲ.

ತಂಗಿಗೆ ಎರಡು ಮಾತು ಹೇಳಿದೆ. ಸ್ಕ್ಯಾನಿನ ಚಿತ್ರ ಥರ್ಮಲ್ ಕಾಗದದ್ದು, ಬೇಗ ಮಾಸುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಡು. ಇನ್ನೊಂದು, ವಾರಕ್ಕೊಂದು ಪುಟ ಗಂಡನಿಂದ ಬರೆಸು. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆಯಲು ಜಾಗವಿದೆ. ಒಗ್ಗರಣೆಯ ವಾಸನೆಗೆ ಎದ್ದು ಹೊರಗೆ ಹೋದ ಮಧ್ಯಾಹ್ನಕ್ಕೆ ಅಲ್ಲಿ ಕಾಲಂ ಇಲ್ಲ.

ಭವತು ಸಬ್ಬ ಮಂಗಲಂ. ಜೈಭೀಮ್.